ತೀರ್ಪು ಹಳತಾದ ಮೇಲೆ ಉಳಿಯುವುದು

ಸಂಗೀತ ವಿಮರ್ಶೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ಒಂದು ಕಛೇರಿಯ ವಿಮರ್ಶೆ, ಇನ್ನೊಂದು ಧ್ವನಿಮುದ್ರಿಕೆಯ ವಿಮರ್ಶೆ. ಕಛೇರಿಯ ವಿಮರ್ಶೆಯನ್ನು ಹಾಡಿಕೆ ಮುಗಿದು ಸಭೆ ಚದುರಿದ ಮೇಲೆ ಬರೆಯುವುದರಿಂದ, ಅದು ಯಾವ ನಾದವನ್ನು ಕುರಿತು ಮಾತನಾಡುತ್ತದೆಯೋ ಆ ನಾದವನ್ನು ಮತ್ತೆ ಯಾರೂ ಕೇಳಲಾರರು. ಓದುಗರು ವಿಮರ್ಶಕನ ಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು. ಮುದ್ರಿಕೆಯ ವಿಮರ್ಶೆಯ ಪಾಡು ಬೇರೆ. ಬರೆದವನು ತೀರಿಕೊಂಡು ಅರ್ಧ ಶತಮಾನ ಕಳೆದರೂ ಅವನು ಕೇಳಿದ ತಟ್ಟೆ ಎಲ್ಲೋ ಒಂದು ಕಡೆ ಉಳಿದಿರುತ್ತದೆ, ಅದನ್ನು ಮತ್ತೆ ತಿರುಗಿಸಿದರೆ ಅವನ ಬರಹವನ್ನು ಸಾಲು ಸಾಲಾಗಿ ಒರೆಗೆ ಹಚ್ಚಿ ನೋಡಬಹುದು. ಸಾಕ್ಷ್ಯವೂ ಸಾಕ್ಷಿಯ ಹೇಳಿಕೆಯೂ ಒಟ್ಟಿಗೆ ಉಳಿದುಬಂದಿರುವ ಇಂಥ ಸಂದರ್ಭ ಕಲಾವಿಮರ್ಶೆಯಲ್ಲಿ ಅಪರೂಪವಾದದ್ದು, ಮತ್ತು ಹಳೆಯ ಮುದ್ರಿಕಾ ವಿಮರ್ಶೆಗಳನ್ನು ಮರಳಿ ಓದುವ ಕೆಲಸಕ್ಕೆ ಬೆಲೆ ಬರುವುದು ಈ ಕಾರಣದಿಂದಲೇ.

ರಾಯಚೂರು ಕಡೆಯ ತುರ್ವಿಹಾಳ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಹಳೆಯದನ್ನು ಮರಳಿ ಓದುವುದರ ಫಲ ಏನೆಂಬುದು ತಿಳಿದೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ದೇವಾನಾಂಪ್ರಿಯ’ನು ಸಿಂಹಳದ ಅರಸನಿರಬೇಕೆಂದು ಮೊದಲು ಎಣಿಸಿದ್ದನು, ಸಿಂಹಳದ ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್ ಒದಗಿಸಿದ ಆಧಾರದಿಂದ ಆ ಎಣಿಕೆಯನ್ನು ತಿದ್ದಿಕೊಂಡು ದೇವಾನಾಂಪ್ರಿಯನೇ ಮೌರ್ಯ ಅಶೋಕನೆಂಬ ನಿಲುವಿಗೆ ಬಂದನು. 1915ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಇದ್ದುದರಿಂದ ಆ ನಿಲುವು ಗಟ್ಟಿಯಾಯಿತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಪ್ರಿನ್ಸೆಪ್‌ನ ಮೊದಲ ತೀರ್ಮಾನ ಬಿದ್ದುಹೋದರೂ ಅವನು ಅಕ್ಷರ ಅಕ್ಷರವಾಗಿ ಮಾಡಿದ ಓದು ಬಿದ್ದುಹೋಗಲಿಲ್ಲ. ಸಂಗೀತ ಮುದ್ರಿಕೆಗಳ ವಿಮರ್ಶೆಗೂ ಇದೇ ಮಾತು ಸಲ್ಲುತ್ತದೆ. ವಿಮರ್ಶಕನ ತೀರ್ಪು ಬೇಗ ಹಳತಾಗುತ್ತದೆ, ಅವನು ಕೇಳಿದ್ದನ್ನು ಕೇಳಿದ ಹಾಗೆ ಬಣ್ಣಿಸಿದ್ದರೆ ಆ ಬಣ್ಣನೆ ಉಳಿಯುತ್ತದೆ.

ತಟ್ಟೆಯ ಮಿತಿ, ಕಿವಿಯ ಮಿತಿ

ಹಳೆಯ ವಿಮರ್ಶೆಯನ್ನು ಓದುವ ಮೊದಲು ವಿಮರ್ಶಕನ ಮುಂದೆ ಇದ್ದ ವಸ್ತು ಎಂಥದೆಂದು ತಿಳಿಯಬೇಕು. ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮುದ್ರಣ ಆರಂಭವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ; ಅದನ್ನು ನಡೆಸಿದವನು ಫ್ರೆಡ್ ಗೈಸ್‌ಬರ್ಗ್. ಆಗ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡದ್ದು, ದೂರದ ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರು ಯಾರೆಂದು ಗುರುತು ಸಿಗಲೆಂದು ಎಂಬುದು ಪ್ರಸಿದ್ಧ. ಅವರೇ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಂದಿನ ತಟ್ಟೆ ಅರಗಿನಿಂದ ಮಾಡಿದ್ದು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು ಹಿಡಿಸುತ್ತಿತ್ತು. ಬೈಠಕ್ಕಿನಲ್ಲಿ ಒಂದು ಗಂಟೆಯವರೆಗೂ ಬೆಳೆಸಬಹುದಾದ ಬಡಾ ಖಯಾಲನ್ನು, ಅಂದರೆ ನಿಧಾನ ಲಯದಲ್ಲಿ ರಾಗವನ್ನು ಸ್ವರ ಸ್ವರವಾಗಿ ಬಿಡಿಸುವ ಹಾಡಿಕೆಯನ್ನು, ಇಷ್ಟರಲ್ಲಿ ಅಡಕಮಾಡಬೇಕಾದಾಗ ಗಾಯಕರು ಆಲಾಪವನ್ನು ಕೆಲವು ನುಡಿಗಟ್ಟುಗಳಿಗೆ ಇಳಿಸಿ ಬೇಗನೆ ತಾನುಗಳಿಗೆ, ಅಂದರೆ ವೇಗದ ಸ್ವರಸರಣಿಗಳಿಗೆ, ಹೊರಳುತ್ತಿದ್ದರು. ಆದ್ದರಿಂದ ಅಂಥ ತಟ್ಟೆಯನ್ನು ಕೇಳಿ ‘ಗಾಯಕರಿಗೆ ತಾನಿನ ಮೋಹ ಹೆಚ್ಚು, ರಾಗವಿಸ್ತಾರದ ತಾಳ್ಮೆ ಕಡಿಮೆ’ ಎಂಬ ಬಗೆಯ ತೀರ್ಪು ಕೊಟ್ಟ ವಿಮರ್ಶಕನು ಗಾಯಕರ ಸ್ವಭಾವವನ್ನಲ್ಲ, ಅರಗಿನ ತಟ್ಟೆಯ ಅಳತೆಯನ್ನು ವಿಮರ್ಶಿಸಿದಂತಾಗುತ್ತದೆ.

ವೇಗದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. 78 ಎಂಬುದು ಹೆಸರಿಗೆ ನಿಂತ ಅಂಕಿ. ಆರಂಭದ ದಶಕಗಳಲ್ಲಿ ಮುದ್ರಿಸುವಾಗಿನ ವೇಗ ಅದಕ್ಕಿಂತ ಹೆಚ್ಚೂ ಕಡಿಮೆಯೂ ಇರುತ್ತಿತ್ತು, ಕೀಲಿ ತಿರುಗಿಸಿ ನಡೆಸುವ ಮನೆಯ ಯಂತ್ರದ ವೇಗವಂತೂ ಕೀಲಿ ಸಡಿಲಾದಂತೆ ಇಳಿಯುತ್ತಿತ್ತು. 76 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯನ್ನು 80 ಸುತ್ತಿನಲ್ಲಿ ನುಡಿಸಿದರೆ 3 ನಿಮಿಷ 20 ಸೆಕೆಂಡಿನ ಹಾಡು 3 ನಿಮಿಷ 10 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿಯೂ ಹೆಚ್ಚು ಕಡಿಮೆ ಅರ್ಧ ಸ್ವರದಷ್ಟು ಮೇಲಕ್ಕೇರುತ್ತದೆ. ಹಿಂದುಸ್ತಾನಿಯವರು ‘ಕರಿ ಒಂದು’ ಎನ್ನುವ, ಕರ್ನಾಟಕ ಸಂಗೀತದವರು ‘ಒಂದೂವರೆ ಮನೆ’ ಎನ್ನುವ ಶ್ರುತಿಯಲ್ಲಿ ಹಾಡಿದ್ದು ಎರಡು ಮನೆಯ ಹತ್ತಿರ ಕೇಳಿಸುತ್ತದೆ. ತುಂಬು ದನಿ ತೆಳುವಾಗುತ್ತದೆ, ಮೀಂಡು ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಡೆ ಅವಸರದ್ದಾಗುತ್ತದೆ, ತಾನುಗಳು ಇರುವುದಕ್ಕಿಂತ ಚುರುಕೆನಿಸುತ್ತವೆ. ‘ತೆಳು ಕಂಠ’, ‘ಅವಸರದ ಲಯ’ ಎಂದು ಬರೆದ ವಿಮರ್ಶಕನ ಕಿವಿ ಸುಳ್ಳು ಹೇಳಿಲ್ಲ. ಅವನ ಯಂತ್ರ ನುಡಿದದ್ದನ್ನೇ ಅವನು ಬರೆದಿರುತ್ತಾನೆ, ಆದರೆ ಯಂತ್ರದ ದೋಷವನ್ನು ಗಾಯಕರ ಲೆಕ್ಕಕ್ಕೆ ಹಾಕಿರುತ್ತಾನೆ.

ಯಂತ್ರ ಬದಲಾದಾಗ ತೀರ್ಪು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪಶ್ಚಿಮದಲ್ಲಿ ಸ್ಪಷ್ಟವಾದ ನಿದರ್ಶನವೊಂದಿದೆ. 1923ರ ಏಪ್ರಿಲಿನಲ್ಲಿ ಕಾಂಪ್ಟನ್ ಮೆಕೆಂಜಿ ಲಂಡನ್ನಿನಲ್ಲಿ ಆರಂಭಿಸಿದ ‘ದ ಗ್ರಾಮಫೋನ್’ ಮಾಸಪತ್ರಿಕೆ ಮುದ್ರಿಕೆಗಳ ವಿಮರ್ಶೆಗೆಂದೇ ಮೀಸಲಾಗಿತ್ತು. 1925ರಲ್ಲಿ, ಅದುವರೆಗೆ ತಗಡಿನ ಕಹಳೆಯ ಮುಂದೆ ಹಾಡಿಸಿ ಮಾಡುತ್ತಿದ್ದ ಮುದ್ರಣದ ಜಾಗಕ್ಕೆ ಮೈಕ್ರೊಫೋನಿನ ವಿದ್ಯುತ್ ಮುದ್ರಣ ಬಂದಾಗ ಮೆಕೆಂಜಿ ಅದನ್ನು ಕಟುವಾಗಿ ನಿರಾಕರಿಸಿದರು. ಸಕಾರಗಳು ಅತಿಯಾಗಿ ಸಿಳ್ಳೆ ಹಾಕುತ್ತವೆಂದೂ ಪಿಟೀಲುಗಳ ಸಮೂಹದ ನಾದ ಕರ್ಕಶವಾಗಿದೆಯೆಂದೂ ಅವರು ದೂರಿದರು. ಮುಂದೆ ಅದೇ ಪತ್ರಿಕೆ ಅದೇ ವಿಧಾನವನ್ನು ಒಪ್ಪಿಕೊಂಡು ಅದರ ಆಧಾರದ ಮೇಲೆಯೇ ಬೆಳೆಯಿತು. ಇಂದು ಆ ಬರಹವನ್ನು ಓದುವವರಿಗೆ ಮೆಕೆಂಜಿಯವರ ನಿರಾಕರಣೆ ಬೇಕಾಗುವುದಿಲ್ಲ, ಆದರೆ ಮೊದಲ ವಿದ್ಯುತ್ ಮುದ್ರಿಕೆಗಳು ಕಹಳೆಯ ನಾದಕ್ಕೆ ಪಳಗಿದ ಕಿವಿಗೆ ಹೇಗೆ ತಾಗಿದವು ಎಂಬ ವಿವರ ಬೇಕಾಗುತ್ತದೆ, ಏಕೆಂದರೆ ಆ ಅನುಭವ ಇಂದಿನ ಯಾವ ಕಿವಿಗೂ ಸಾಧ್ಯವಿಲ್ಲ.

ಗಾಂಧಾರಿಯಿಂದ ಗಂಗೂಬಾಯಿಯವರೆಗೆ

ಕನ್ನಡ ನಾಡಿನಲ್ಲಿ ಈ ಮಾತಿಗೆ ಹತ್ತಿರದ ನಿದರ್ಶನ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಅವರು 1930ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಎಚ್‌ಎಂವಿ ಕಂಪನಿಗಾಗಿ ಹಾಡಿದರು. ಆ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅವುಗಳಲ್ಲಿ ಕೇಳುವುದು ಎತ್ತರದ ಶ್ರುತಿಯ, ಹಗುರವಾದ, ಮೇಲಿನ ಷಡ್ಜವನ್ನು ಸಲೀಸಾಗಿ ಮುಟ್ಟುವ ಹೆಣ್ಣು ದನಿ. ಆಮೇಲಿನ ವರ್ಷಗಳಲ್ಲಿ ಎರಡು ಬದಲಾವಣೆಗಳಾದವು: ಒಂದು ಕಡೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ದೀರ್ಘ ತಾಲೀಮು ನಡೆಯಿತು, ಇನ್ನೊಂದು ಕಡೆ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ದನಿಯೇ ತಗ್ಗಿ, ಭಾರವಾಗಿ, ಗಂಡು ಕಂಠಕ್ಕೆ ಸಮೀಪವಾಯಿತು. ನಾಡು ನೆನಪಿನಲ್ಲಿಟ್ಟುಕೊಂಡದ್ದು ಈ ಎರಡನೆಯ ದನಿಯನ್ನು. ಸ್ವರದ ಮೇಲೆ ನಿಂತು ಅದರ ಭಾರವನ್ನು ಕೇಳುಗರಿಗೆ ಮುಟ್ಟಿಸುವ, ಆತುರವಿಲ್ಲದೆ ರಾಗವನ್ನು ಕಟ್ಟುವ ದನಿಯನ್ನು.

ಹೀಗಿರುವಾಗ ಗಾಂಧಾರಿಯ ತಟ್ಟೆಗಳ ಬಗ್ಗೆ ಅಂದು ಬಂದ ಮೆಚ್ಚುಗೆಯನ್ನು ಎರಡು ಬಗೆಯಲ್ಲಿ ತಪ್ಪಾಗಿ ಓದಬಹುದು. ನಂತರದ ಗಂಗೂಬಾಯಿಯವರನ್ನು ಮಾತ್ರ ಕೇಳಿದವರು ‘ಕೋಗಿಲೆಯಂಥ ಕಂಠ’ ಎಂಬ ಅಂದಿನ ಹೊಗಳಿಕೆಯನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಬಹುದು. ಹಳೆಯ ಮೆಚ್ಚುಗೆಯನ್ನೇ ಪ್ರಮಾಣವೆಂದು ಹಿಡಿದವರು ನಂತರದ ದನಿಯನ್ನು ನಷ್ಟವೆಂದು ಕರೆಯಬಹುದು. ತಟ್ಟೆಯನ್ನು ಪಕ್ಕದಲ್ಲಿಟ್ಟು ಓದಿದರೆ ಎರಡು ತಪ್ಪೂ ತಪ್ಪುತ್ತವೆ. ಆ ಹೊಗಳಿಕೆ ಆ ದನಿಗೆ ಸಲ್ಲುವಂಥದೇ ಆಗಿತ್ತು. ಆದರೆ ಅದು ಒಂದು ದನಿಯನ್ನು ಕುರಿತದ್ದೇ ಹೊರತು ಒಬ್ಬ ಕಲಾವಿದೆಯ ಕೊನೆಯ ಅಳತೆಯನ್ನು ಕುರಿತದ್ದಾಗಿರಲಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗಿನ ಅವರ ಸುದೀರ್ಘ ಬದುಕಿನಲ್ಲಿ ಮೊದಲ ತಟ್ಟೆಗಳ ಪಾಲು ಹೊಸ್ತಿಲಿನಷ್ಟು. ಮನೆಯ ಅಂದಾಜನ್ನು ಹೊಸ್ತಿಲಿನಿಂದ ಮಾಡಲಾಗದು, ಆದರೆ ಹೊಸ್ತಿಲಿಲ್ಲದೆ ಮನೆಯೊಳಗಿನ ದಾರಿಯೂ ತಿಳಿಯದು.

ಮಲ್ಲಿಕಾರ್ಜುನ ಮನ್ಸೂರರ ಸಂಗತಿಯೂ ಇದಕ್ಕೆ ಹೊಂದುತ್ತದೆ. 1910ರಲ್ಲಿ ಹುಟ್ಟಿದ ಮನ್ಸೂರರು ಮೊದಲು ಮೀರಜಿನ ನೀಲಕಂಠಬುವಾ ಅವರ ಬಳಿ ಗ್ವಾಲಿಯರ್ ಘರಾಣೆಯ ಗಾಯಕಿಯನ್ನು ಕಲಿತರು, 1930ರ ದಶಕದ ನಡುವಿನಲ್ಲಿ ಮಂಜಿ ಖಾನರಿಗೆ, ಅವರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿ ಖಾನರಿಗೆ ಶಿಷ್ಯರಾಗಿ ಜೈಪುರ-ಅತ್ರೌಲಿ ಘರಾಣೆಯವರಾದರು. ಗಾಯಕಿ ಎಂದರೆ ಒಂದು ಪರಂಪರೆ ರಾಗವನ್ನು ಹಾಡುವ ತನ್ನದೇ ಕ್ರಮ. ಅದು ಬದಲಾದಾಗ ಉಸಿರಿನ ಉದ್ದ, ತಾನಿನ ಸುತ್ತು, ಲಯದೊಡನೆ ಸ್ವರದ ಒಡನಾಟ ಎಲ್ಲವೂ ಬದಲಾಗುತ್ತವೆ. ಎಚ್‌ಎಂವಿಗೆ ಹಾಡಿದ ಆರಂಭದ ತಟ್ಟೆಗಳಲ್ಲಿ ಚುರುಕು ತಾನುಗಳ ತರುಣ ಗಾಯಕರು ಕೇಳಿಸಿದರೆ, ಮುಪ್ಪಿನ ಮುದ್ರಿಕೆಗಳಲ್ಲಿ ಅಪರೂಪದ ಜೋಡುರಾಗಗಳನ್ನು ಒಂದೇ ಉಸಿರಿನ ಎಳೆಯಲ್ಲಿ ನೇಯುವ ಇನ್ನೊಬ್ಬ ಮನ್ಸೂರರು ಕೇಳಿಸುತ್ತಾರೆ. ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯ ಹೆಸರೇ ಸೂಚಿಸುವಂತೆ ಅದೊಂದು ಪ್ರಯಾಣ, ಪ್ರಯಾಣದ ನಡುವಿನ ಯಾವ ಊರಿನಲ್ಲಿ ನಿಂತು ವಿಮರ್ಶಕ ಮಾತನಾಡಿದನೆಂಬುದನ್ನು ಗೊತ್ತುಮಾಡಿಕೊಳ್ಳದೆ ಅವನ ಮಾತಿನ ಸರಿತಪ್ಪು ಹೇಳಲಾಗದು.

ಮೈಸೂರಿಗೆ ಬಂದ ನಾಲ್ಕು ಹಾಡುಗಳು

ಮುದ್ರಿಕೆಯ ಗುಣ ತೀರ್ಪನ್ನು ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಜಗತ್ತಿನ ಸಂಗೀತ ಚರಿತ್ರೆಯಲ್ಲೇ ಎದ್ದುಕಾಣುವ ನಿದರ್ಶನ ಮೈಸೂರಿನೊಂದಿಗೆ ಸೇರಿಕೊಂಡಿದೆ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿದ್ದರಲ್ಲದೆ ಪಿಯಾನೊ ಅಭ್ಯಾಸಮಾಡಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲೂ ಆಳವಾದ ಪರಿಶ್ರಮ ಪಡೆದಿದ್ದರು. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು, ಗಂಭೀರ ಸಂಗೀತದ ಎಲ್ಲ ಬಗೆಯ ಮುದ್ರಿಕೆಗಳನ್ನೂ ದೊಡ್ಡ ಧ್ವನಿವರ್ಧಕಗಳನ್ನೂ ಹಲವು ಪಿಯಾನೊಗಳನ್ನೂ ಅರಮನೆಯಲ್ಲಿ ಕಂಡು ಬೆರಗಾದುದನ್ನು ದಾಖಲಿಸಿದ್ದಾರೆ. ಆ ಭೇಟಿಯ ಫಲವಾಗಿ ಮಹಾರಾಜರು ವಾದ್ಯವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವನ್ನು ಒಪ್ಪಿಕೊಂಡರು, ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವ ಯೋಜನೆಗೂ ಹಣ ಕೊಟ್ಟರು.

ಮೆಟ್ನರ್ ಆಗ ಲಂಡನ್ನಿನಲ್ಲಿ ಬಡತನ ಮತ್ತು ಅನಾರೋಗ್ಯದಲ್ಲಿದ್ದರು. ಹೊಸ ಪ್ರಯೋಗಗಳ ಕಾಲದಲ್ಲಿ ಹಳೆಯ ಸ್ವರಸಂಯೋಜನೆಯ ನಿಯಮಗಳನ್ನು ಬಿಡದೆ ಹಿಡಿದಿದ್ದ ಅವರನ್ನು ಕಾಲಕ್ಕೆ ಹಿಂದೆ ಬಿದ್ದವರೆಂದೂ ಇನ್ನೊಬ್ಬ ರಚನಕಾರ ರಾಖ್ಮನಿನೊವ್‌ರ ನೆರಳೆಂದೂ ಎಣಿಸುವ ವಾಡಿಕೆ ವಿಮರ್ಶೆಯಲ್ಲಿ ಬಲವಾಗಿತ್ತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಮೂರು ಪಿಯಾನೊ ಕಂಚೆರ್ಟೊಗಳು, ಎಂದರೆ ಒಂಟಿ ಪಿಯಾನೊ ಇಡೀ ವಾದ್ಯವೃಂದದೊಡನೆ ಸಂವಾದಕ್ಕೆ ನಿಲ್ಲುವ ರಚನೆಗಳು, ಹಲವು ಹಾಡುಗಳು ಮತ್ತು ಬಿಡಿ ಕೃತಿಗಳು ತಟ್ಟೆಗಳಿಗೆ ಇಳಿದವು. ಮೂರನೆಯ ಕಂಚೆರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ದಶಕಗಳ ಮೌನದ ನಂತರ, 1990ರ ದಶಕದಲ್ಲಿ ಜೆಫ್ರಿ ಟೋಜರ್, ನಿಕೊಲಾಯ್ ಡೆಮಿಡೆಂಕೊ, ಮಾರ್ಕ್-ಆಂಡ್ರೆ ಹ್ಯಾಮಲಿನ್ ಮುಂತಾದ ಪಿಯಾನೊ ವಾದಕರು ಆ ಕೃತಿಗಳನ್ನು ಸಿ.ಡಿ.ಗಳಲ್ಲಿ ಮತ್ತೆ ನುಡಿಸಿದಾಗ ಹಳೆಯ ಅಭಿಪ್ರಾಯ ಸಡಿಲವಾಯಿತು. ರಚನಕಾರರೇ ನುಡಿಸಿದ ಮೈಸೂರಿನ ನೆರವಿನ ಮುದ್ರಿಕೆಗಳು ಆಗ ಅಳತೆಗೋಲಾಗಿ ಒದಗಿದವು. ‘ಕಾಲಕ್ಕೆ ಹಿಂದೆ ಬಿದ್ದವರು’ ಎಂಬ ತೀರ್ಪು ಒಂದು ಕಾಲದ ಅವಸರವನ್ನು ಹೇಳುತ್ತಿತ್ತೇ ಹೊರತು ಆ ಸಂಗೀತದ ಒಳಗನ್ನು ಹೇಳುತ್ತಿರಲಿಲ್ಲವೆಂಬುದು ಹೀಗೆ ತಟ್ಟೆಗಳ ಸಾಕ್ಷ್ಯದಿಂದಲೇ ತಿಳಿಯಿತು.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು 1950ರ ಮೇ 22ರ ಸಂಜೆಯ ಸಂಗತಿ. 1949ರಲ್ಲಿ ತೀರಿಕೊಂಡ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ರ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೇಳಿಬಂದವು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರುಗಳ ಖಾತರಿ ಕೊಟ್ಟವರು ಜಯಚಾಮರಾಜ ಒಡೆಯರು. ಅಂದು ಅವರಿಗೆ ಬರಲಾಗದಿದ್ದುದರಿಂದ ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಡಾಗಿತ್ತು. ಮುದ್ರಣ ನಡೆದದ್ದು ಅಸಿಟೇಟ್ ತಟ್ಟೆಗಳ ಮೇಲೆ. ಲೋಹದ ಹಲಗೆಗೆ ಮೃದುವಾದ ಲೇಪ ಬಳಿದು ಅದರ ಮೇಲೆಯೇ ನಾದದ ಗೆರೆಯನ್ನು ನೇರವಾಗಿ ಕೊರೆಯುವ ಈ ತಟ್ಟೆಗಳು ನುಡಿಸಿದಷ್ಟೂ ಸವೆಯುತ್ತವೆ. ಅವುಗಳಿಂದ ಮೊದಲು ಎಲ್.ಪಿ., ಅಂದರೆ ದೀರ್ಘಕಾಲ ನುಡಿಯುವ ತಟ್ಟೆ ಸಿದ್ಧವಾಗುವ ವೇಳೆಗೆ ಮೂಲ ಬಹಳವಾಗಿ ಸವೆದಿತ್ತು. ಗದ್ದಲದ ಹಿಂದೆ ವಾದ್ಯವೃಂದ ಮಸುಕಾಗಿ, ದನಿ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ಇದು ಚರಿತ್ರೆಯ ಕುತೂಹಲಕ್ಕೆ ಮಾತ್ರ ಕೇಳಬೇಕಾದದ್ದು ಎಂಬ ಮಾತು ಬಂದದ್ದು ಸಹಜವಾಗಿತ್ತು. 2007ರಲ್ಲಿ ಟೆಸ್ಟಮೆಂಟ್ ಸಂಸ್ಥೆಗಾಗಿ ರೋಜರ್ ಬಿಯರ್ಡ್ಸ್‌ಲಿ, 2014ರಲ್ಲಿ ಪ್ರಿಸ್ಟೀನ್ ಸಂಸ್ಥೆಗಾಗಿ ಆಂಡ್ರ್ಯೂ ರೋಸ್ ಡಿಜಿಟಲ್ ತಂತ್ರದಿಂದ ಅದನ್ನು ಪುನಃಸ್ಥಾಪಿಸಿದ ಮೇಲೆ ಹಳೆಯ ಮಾತು ಮರುವಿಚಾರಣೆಗೆ ಬಂತು. ಐವತ್ತನಾಲ್ಕರ ವಯಸ್ಸಿನ ಗಾಯಕಿಯ ದನಿಯ ವಿಸ್ತಾರ, ಸಾವಿನ ಎದುರು ನಿಂತ ಹಾಡುಗಳನ್ನು ಅವಸರಿಸದೆ ಉಸಿರಾಡಿಸುವ ನಿರ್ದೇಶಕರ ಲಯ ಮುಸುಕು ಸರಿದ ಹಾಗೆ ಕೇಳತೊಡಗಿದವು. ಎಲ್.ಪಿ.ಯ ವಿಮರ್ಶಕರು ಸವೆದ ತಟ್ಟೆಯ ಬಗ್ಗೆ ಬರೆದದ್ದು ಇಂದಿಗೂ ನಿಜ, ಅದರ ಆಧಾರದಿಂದ ಆ ಸಂಜೆಯ ಬಗ್ಗೆ ಕಟ್ಟಿದ ಊಹೆ ಮಾತ್ರ ನಿಲ್ಲುವುದಿಲ್ಲ.

ಪದಗಳ ಸವಕಳಿ

ತಟ್ಟೆಯಂತೆ ಪದಗಳೂ ಸವೆಯುತ್ತವೆ. ಕನ್ನಡದ ಸಂಗೀತ ಬರಹದಲ್ಲಿ ‘ಸುಶ್ರಾವ್ಯ’, ‘ಭಾವಪೂರ್ಣ’, ‘ರಸಿಕರ ಮನ ತಣಿಸಿತು’ ಎಂಬ ನುಡಿಗಟ್ಟುಗಳು ದೀರ್ಘಕಾಲದಿಂದ ರೂಢಿಯಲ್ಲಿವೆ. ಇವು ಬರೆದವರ ಸಂತೋಷವನ್ನು ತಿಳಿಸುತ್ತವೆ, ಆದರೆ ಕೇಳಿದ್ದೇನೆಂಬುದನ್ನು ತಿಳಿಸುವುದಿಲ್ಲ. ಆದ್ದರಿಂದ ಇಂಥ ಸಾಲನ್ನು ತಟ್ಟೆಯ ಪಕ್ಕದಲ್ಲಿಟ್ಟರೆ ಒರೆಗೆ ಹಚ್ಚಲು ಏನೂ ಸಿಗುವುದಿಲ್ಲ. ‘ಗಾಂಧಾರದ ಮೇಲೆ ನಿಂತು ಪಂಚಮವನ್ನು ಮುಟ್ಟದೆ ತಡೆದರು’, ‘ಅಂತರೆಗೆ ಹೋಗುವ ಮುನ್ನ ತಬಲದ ಠೇಕೆ ಸಡಿಲಾಯಿತು’ ಎಂಬ ಬಗೆಯ ಸಾಲು ಸಾಧಾರಣವಾಗಿ ಕಂಡರೂ ಅರ್ಧ ಶತಮಾನದ ಮೇಲೆ ಅದನ್ನು ಪರೀಕ್ಷಿಸಬಹುದು. ‘ತಯಾರಿ’ ಎಂಬ ಪದ ಇನ್ನೊಂದು ಬಗೆಯ ಎಚ್ಚರವನ್ನು ಬೇಡುತ್ತದೆ. ಹಿಂದುಸ್ತಾನಿ ವಲಯದಲ್ಲಿ ಅದರ ಅರ್ಥ ಸತತ ರಿಯಾಜಿನಿಂದ ದನಿಗೆ ಬಂದ ಪಳಗಿದ ಸಾಮರ್ಥ್ಯ. ಒಬ್ಬ ವಿಮರ್ಶಕ ಅದನ್ನು ಹೊಗಳಿಕೆಯಾಗಿ ಬಳಸಿದರೆ, ಇನ್ನೊಬ್ಬ ‘ತಯಾರಿ ಇದೆ, ಆದರೆ’ ಎಂದು ಮೊದಲಿಟ್ಟು ಭಾವದ ಕೊರತೆಯನ್ನು ಹೇಳಲು ಬಳಸುತ್ತಾನೆ. ಹಳೆಯ ಬರಹ ಓದುವವರು ಆ ಪದದ ತೂಕವನ್ನು ಆಯಾ ಲೇಖಕನ ಇತರ ಬರಹಗಳಿಂದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ರಾಯಚೂರು ಸೀಮೆಯ ಪಾಲಿನ ಕೆಲಸ

ಈ ವಿಚಾರ ತುರ್ವಿಹಾಳದಂಥ ಊರಿಗೆ ದೂರದ್ದೆಂದು ತೋರಬಹುದು, ಆದರೆ ಮುದ್ರಿಕೆಯ ಮಾತು ಹೆಚ್ಚು ಸಲ್ಲುವುದು ಇಂಥ ಊರುಗಳಿಗೇ. ಧಾರವಾಡ, ಹುಬ್ಬಳ್ಳಿ, ಗದಗಗಳ ಕೇಳುಗರಿಗೆ ಗಾಯಕರು ಎದುರಿಗೇ ಸಿಗುತ್ತಿದ್ದರು. 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದ ರಾಯಚೂರು ಸೀಮೆಯ ಹಳ್ಳಿಗಳಿಗೆ ಶಾಸ್ತ್ರೀಯ ಸಂಗೀತ ಬಂದದ್ದು ಹೆಚ್ಚಾಗಿ ನಾಟಕ ಕಂಪನಿಯ ಹಾರ್ಮೋನಿಯಮ್ಮಿನಿಂದ, ಮಠದ ಭಜನೆಯಿಂದ, ಗ್ರಾಮಫೋನ್ ಪ್ಲೇಟಿನಿಂದ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ, ಆಮೇಲೆ ಕ್ಯಾಸೆಟ್ಟಿನಿಂದ. ಮುದ್ರಿತ ನಾದವೇ ಇಲ್ಲಿಯ ಕೇಳುಗರ ಪಾಲಿನ ಕಛೇರಿ. ಹಾಗೆಂದು ಈ ಸೀಮೆ ಬರಿದಾಗಿರಲಿಲ್ಲ: ಜಂಬಲದಿನ್ನಿಯ ಹೆಸರನ್ನು ನಾಡಿಗೆ ತಿಳಿಸಿದ ಹಿಂದುಸ್ತಾನಿ ಗಾಯಕ, ವಚನಗಳ ಹಾಡುಗಾರ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನೇ ರಾಯಚೂರಿನ ರಂಗಮಂದಿರಕ್ಕೆ ಇಡಲಾಗಿದೆ, 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ಸ್ವತಃ ಸಂಗೀತಜ್ಞರಾಗಿದ್ದರು.

ತಾರಾನಾಥರ ಮಗ ರಾಜೀವ ತಾರಾನಾಥರು ಈ ಲೇಖನದ ವಿಷಯಕ್ಕೆ ವಿಶೇಷವಾಗಿ ಸಲ್ಲುವ ವ್ಯಕ್ತಿ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ, ಕನ್ನಡ ನವ್ಯದ ಕಾಲದ ತೀಕ್ಷ್ಣ ವಿಮರ್ಶಕರಾಗಿ ಹೆಸರಾದ ಅವರು ಸರೋದಿನ ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾಗಿ, 2024ರಲ್ಲಿ ತೀರಿಕೊಳ್ಳುವವರೆಗೆ ಆ ವಾದ್ಯವನ್ನೇ ಬದುಕಾಗಿಸಿಕೊಂಡಿದ್ದರು. ಅಲಿ ಅಕ್ಬರರ 1955ರ ಎಲ್.ಪಿ. ಭಾರತೀಯ ಶಾಸ್ತ್ರೀಯ ಸಂಗೀತವನ್ನು ಪಶ್ಚಿಮಕ್ಕೆ ಮುಟ್ಟಿಸಿದ ಮೊದಲ ದೀರ್ಘ ಮುದ್ರಿಕೆ. ಅದರ ಆರಂಭದಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಆ ಸಂಗೀತದ ಪರಿಚಯವನ್ನು ಮಾತಿನಲ್ಲಿ ಹೇಳಿದ್ದರು. ಮೂರು ನಿಮಿಷದ ತಟ್ಟೆಯಿಂದ ಇಪ್ಪತ್ತು ನಿಮಿಷ ಮೀರುವ ಮಗ್ಗುಲಿಗೆ ಬಂದಾಗ ಆಲಾಪಕ್ಕೆ ಮತ್ತೆ ಜಾಗ ಸಿಕ್ಕಿತು, ಅದರೊಡನೆ ವಿಮರ್ಶಕರು ಕೇಳಬಹುದಾದ ಪ್ರಶ್ನೆಗಳೂ ಬದಲಾದವು. ಸಾಲನ್ನು ಬಿಡಿಸಿ ಓದುವ ಕಣ್ಣೂ ಸ್ವರವನ್ನು ಬಿಡಿಸಿ ಕೇಳುವ ಕಿವಿಯೂ ಒಬ್ಬರಲ್ಲೇ ಕೂಡಬಹುದೆಂಬುದಕ್ಕೆ ರಾಜೀವ ತಾರಾನಾಥರ ಬದುಕು ಸಾಕ್ಷಿ. ಹಳೆಯ ವಿಮರ್ಶೆಯ ಮರುಓದು ಬೇಡುವುದೂ ಈ ಎರಡರ ಕೂಟವನ್ನೇ.

ಅಂಥ ಮರುಓದಿಗೆ ಸಾಮಗ್ರಿ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’, 1956ರ ‘ಕಸ್ತೂರಿ’, 1965ರ ‘ಸುಧಾ’ ಮೊದಲಾದ ಪತ್ರಿಕೆಗಳ ಹಳೆಯ ಸಂಪುಟಗಳು ಗ್ರಂಥಾಲಯಗಳಲ್ಲಿವೆ. ವಿಕ್ರಮ್ ಸಂಪತ್ ಸ್ಥಾಪಿಸಿದ ಭಾರತೀಯ ಸಂಗೀತದ ಧ್ವನಿಭಂಡಾರದಂಥ ಪ್ರಯತ್ನಗಳಿಂದ 78 ಸುತ್ತಿನ ತಟ್ಟೆಗಳು ಫೋನಿನಲ್ಲೇ ಕೇಳಸಿಗುತ್ತವೆ. ಮೈಕೆಲ್ ಕಿನ್ನಿಯರ್ ಸಿದ್ಧಪಡಿಸಿದಂಥ ಮುದ್ರಿಕಾಸೂಚಿಗಳಿಂದ, ಅಂದರೆ ಯಾವ ತಟ್ಟೆ ಯಾವಾಗ ಎಲ್ಲಿ ಮುದ್ರಿತವಾಯಿತೆಂಬ ಕ್ರಮಬದ್ಧ ಪಟ್ಟಿಗಳಿಂದ, ಕಾಲವನ್ನು ನಿಶ್ಚಯಿಸಿಕೊಳ್ಳಬಹುದು. ಕೊರತೆಯಿರುವುದು ಇವುಗಳನ್ನು ಒಂದೇ ಮೇಜಿನ ಮೇಲೆ ತರುವವರದು. ಮೊದಲು ತಟ್ಟೆಯ ಕಾಲ, ಅವಧಿ, ವೇಗಗಳನ್ನು ತಿಳಿದು, ಬಳಿಕ ವಿಮರ್ಶೆಯಲ್ಲಿ ಬಣ್ಣನೆಯ ಸಾಲು ಯಾವುದು ತೀರ್ಪಿನ ಸಾಲು ಯಾವುದು ಎಂದು ಬೇರ್ಪಡಿಸಿ, ಕೊನೆಗೆ ಬಣ್ಣನೆಯನ್ನು ನಾದದೊಂದಿಗೆ ಹೋಲಿಸಿ ನೋಡಿದರೆ, ಆ ವಿಮರ್ಶಕನ ಕಿವಿಯನ್ನು ಎಷ್ಟು ದೂರ ನಂಬಬಹುದೆಂದು ಸ್ಪಷ್ಟವಾಗುತ್ತದೆ. ಹಾಗೆ ನಂಬಿಕೆ ಗಳಿಸಿದ ವಿಮರ್ಶಕನು ಮುದ್ರಿಕೆಯೇ ಇಲ್ಲದ ಕಛೇರಿಗಳ ಬಗ್ಗೆ ಬರೆದ ಮಾತಿಗೂ ಆಗ ಹೊಸ ಬೆಲೆ ಬರುತ್ತದೆ. ಕಳೆದುಹೋದ ಹಾಡಿಕೆಯ ಬಗ್ಗೆ ವಿಶ್ವಾಸದಿಂದ ಏನನ್ನಾದರೂ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಈ ಕ್ರಮ ಇಂದು ಬರೆಯುವವರ ಮೇಲೂ ಒಂದು ಹೊಣೆಯನ್ನು ಹೊರಿಸುತ್ತದೆ. ಇಂದಿನ ತೀರ್ಪುಗಳೂ ನಾಳೆಗೆ ಹಳತಾಗುವವೇ. ಫೋನಿನ ಸಣ್ಣ ಸ್ಪೀಕರಿನಲ್ಲಿ, ಒತ್ತಿ ಕಿರಿದುಗೊಳಿಸಿದ ಕಡತದಿಂದ ಕೇಳಿ ಬರೆದ ಮಾತನ್ನು ಮುಂದಿನವರು ಅದೇ ಅನುಮಾನದಿಂದ ನೋಡಬೇಕಾಗುತ್ತದೆ. ಆದುದರಿಂದ ಮುದ್ರಿಕೆಯ ಬಗ್ಗೆ ಬರೆಯುವ ಪ್ರತಿಯೊಬ್ಬರೂ ತಾವು ಕೇಳಿದ್ದು ಯಾವ ಆವೃತ್ತಿಯನ್ನು, ಯಾವ ಸಾಧನದಲ್ಲಿ, ಯಾವ ದಿನ ಎಂಬುದನ್ನು ಬರಹದ ಕೆಳಗೆ ಒಂದು ಸಾಲಿನಲ್ಲಿ ನಮೂದಿಸಿಡುವುದು ಒಳ್ಳೆಯದು. ಬರೆದವರ ಅಭಿಪ್ರಾಯವನ್ನು ಒಪ್ಪದ ಮುಂದಿನ ಓದುಗರಿಗೂ ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ.